ಒಂದೇ ಫೈಟರ್, ಬೇರೆ ಬೇರೆ ಎಡಿಷನ್: ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಪಾತ್ರ ಕಟ್ಟುವ ಕ್ರಮ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಉರುಳಿಸುವ ಆಟ ಆಡೋಣ ಬಾ ಎಂದು ಕರೆದವರು "ಒಂದು ಕ್ಯಾರೆಕ್ಟರ್ ಮಾಡ್ಕೊಂಡು ಬಾ" ಎನ್ನುತ್ತಾರೆ. ಅದು ಕಾಫಿ ಆರುವಷ್ಟರಲ್ಲಿ ಮುಗಿಯುವ ಕೆಲಸವೋ, ಇಡೀ ಭಾನುವಾರವನ್ನು ನುಂಗುವ ಕೆಲಸವೋ ಎಂಬುದು ಅವರು ಆಡುತ್ತಿರುವ ಎಡಿಷನ್ ಮೇಲಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಮೂರು ಪುಟ್ಟ ಪುಸ್ತಕಗಳಾಗಿ ತಂದಾಗ ಇದ್ದದ್ದು ಮೂರೇ ಕ್ಲಾಸ್ (ಪಾತ್ರದ ಕಸುಬು): ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್. ಕಳ್ಳನ ಕ್ಲಾಸ್ ಸಹ ಮರುವರ್ಷ ಸೇರಿದ್ದು. ಅಲ್ಲಿಂದ 2024ರ ಪರಿಷ್ಕೃತ ಐದನೇ ಎಡಿಷನ್ ತನಕ ನಿಯಮಗಳು ಬೆಳೆದಿವೆ, ಕುಗ್ಗಿವೆ, ಮತ್ತೆ ಬೆಳೆದಿವೆ.

ಯಾವ ಎಡಿಷನ್ ಕಷ್ಟ ಎಂದು ಪುಸ್ತಕದ ದಪ್ಪ ನೋಡಿ ಅಳೆಯಬೇಡಿ. ಆಟಗಾರ ತೀರ್ಮಾನ ಮಾಡಬೇಕಾಗಿ ಬರುವುದು ಯಾವಾಗ ಎಂದು ನೋಡಿ. 1981ರ ಬೇಸಿಕ್-ಎಕ್ಸ್‌ಪರ್ಟ್‌ನಲ್ಲಿ ಪಾತ್ರ ತಾನಾಗಿ ಮೂಡುತ್ತದೆ, ತಲೆ ಖರ್ಚಾಗುವುದು ಗುಹೆಯೊಳಗೆ. 3.5ರಲ್ಲಿ ತಲೆ ಖರ್ಚಾಗುವುದು ಮನೆಯಲ್ಲಿ, ಅದೂ ಮುಂದಿನ ಹನ್ನೆರಡು ಲೆವೆಲ್‌ಗಳ ಲೆಕ್ಕಕ್ಕೆ. ನಾಲ್ಕನೆಯದರಲ್ಲಿ ಪ್ರತಿ ಸರದಿಯಲ್ಲೂ. ಐದನೆಯದರಲ್ಲಿ ಬಹುಪಾಲು ಮೊದಲ ಮೂರು ಲೆವೆಲ್ ಒಳಗೆ. ಪಾತ್ರ ಕಟ್ಟುವ ಕ್ರಮವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಇಲ್ಲಿ ಎಲ್ಲ ಕಡೆಯೂ ಒಬ್ಬ ಮನುಷ್ಯ ಫೈಟರ್‌ನನ್ನೇ ಕಟ್ಟಿ ನೋಡೋಣ.

ದಾಳ ಮುಟ್ಟುವ ಮುನ್ನ

ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಬಳಿ ನಾಲ್ಕು ವಿಷಯ ಕೇಳಿಕೊಳ್ಳಿ.

1. ಎಡಿಷನ್ ಯಾವುದು, ಅದರಲ್ಲೂ ನಿಖರವಾಗಿ ಯಾವುದು? "ಫಿಫ್ತ್" ಎಂದರೆ ಸಾಲದು, 2014ರದೋ 2024ರದೋ ಗೊತ್ತಾಗಬೇಕು. "ಥರ್ಡ್" ಎಂದರೆ 2000ದ 3.0 ಆಗಬಹುದು, 2003ರ 3.5 ಆಗಬಹುದು, 3.5ರ ಬೇರಿನಿಂದಲೇ 2009ರಲ್ಲಿ ಹೊರಟ ಪಾತ್‌ಫೈಂಡರ್ ಕೂಡ ಆಗಬಹುದು. "ಹಳೇದು" ಎಂದರಂತೂ ಬೇಸಿಕ್ ಮತ್ತು ಅಡ್ವಾನ್ಸ್ಡ್ ಎರಡೂ ಬೇರೆ ಬೇರೆ ಆಟಗಳು.
2. ಅಬಿಲಿಟಿ ಸ್ಕೋರ್ (ಪಾತ್ರದ ಬಲ, ಬುದ್ಧಿ ಮುಂತಾದ ಆರು ಗುಣಗಳ ಅಂಕ) ಬರುವುದು ಹೇಗೆ? ದಾಳ ಉರುಳಿಸುವುದೋ, ಪಾಯಿಂಟ್ ಖರ್ಚು ಮಾಡುವುದೋ?
3. ಯಾವ ಲೆವೆಲ್‌ನಿಂದ ಶುರು, ಎಲ್ಲಿಯವರೆಗೆ ಆಡುವ ಅಂದಾಜು?
4. ಯಾವ ಯಾವ ಪುಸ್ತಕಗಳಿಗೆ ಒಪ್ಪಿಗೆ ಇದೆ?

ಮೂರನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ. ಆಟ ಆರನೇ ಲೆವೆಲ್‌ಗೆ ಮುಗಿಯುತ್ತದೆಂದರೆ, ಹತ್ತನೇ ಲೆವೆಲ್‌ನಲ್ಲಿ ಅರಳುವ ಪಾತ್ರವನ್ನು ಕಟ್ಟಿ ಏನು ಪ್ರಯೋಜನ?

ಬೇಸಿಕ್-ಎಕ್ಸ್‌ಪರ್ಟ್, 1981

ಮೂರು ಆರುಮುಖದ ದಾಳಗಳನ್ನು ಆರು ಸಲ ಉರುಳಿಸಿ. ಬಂದದ್ದನ್ನು ಬಂದ ಕ್ರಮದಲ್ಲೇ ಬರೆದುಕೊಳ್ಳಿ: ಸ್ಟ್ರೆಂತ್, ಇಂಟೆಲಿಜೆನ್ಸ್, ವಿಸ್ಡಮ್, ಡೆಕ್ಸ್ಟೆರಿಟಿ, ಕಾನ್ಸ್ಟಿಟ್ಯೂಷನ್, ಕರಿಸ್ಮಾ. ನಮಗೆ 15, 9, 11, 10, 13, 8 ಬಂತು ಎಂದಿಟ್ಟುಕೊಳ್ಳಿ. ಸ್ಟ್ರೆಂತ್ ಮೇಲಿದೆ, ಫೈಟರ್ ಆಗುವುದು ಸಹಜ.

ಈಗ ಇರುವ ಏಕೈಕ ತಿದ್ದುಪಡಿಯನ್ನು ಬಳಸಿಕೊಳ್ಳಿ. ಬೇರೊಂದು ಸ್ಕೋರ್‌ನಿಂದ 2 ಇಳಿಸಿದರೆ ಕ್ಲಾಸ್‌ನ ಮುಖ್ಯ ಸ್ಕೋರ್ 1 ಏರುತ್ತದೆ. ಯಾವುದನ್ನೂ 9ಕ್ಕಿಂತ ಕೆಳಗೆ ಇಳಿಸುವಂತಿಲ್ಲ, ಡೆಕ್ಸ್ಟೆರಿಟಿ, ಕಾನ್ಸ್ಟಿಟ್ಯೂಷನ್, ಕರಿಸ್ಮಾಗಳನ್ನು ಮುಟ್ಟುವಂತಿಲ್ಲ. ವಿಸ್ಡಮ್ 11 ಇದ್ದದ್ದು 9 ಆಗಲಿ, ಸ್ಟ್ರೆಂತ್ 16 ಆಗುತ್ತದೆ. 9ರಿಂದ 12ರವರೆಗೆ ಬೋನಸ್ಸೂ ಇಲ್ಲ, ದಂಡವೂ ಇಲ್ಲ, ಆದ್ದರಿಂದ ವಿಸ್ಡಮ್ ಕಡೆ ಕಳೆದುಕೊಂಡದ್ದು ಸೊನ್ನೆ. ಸ್ಟ್ರೆಂತ್ ಕಡೆ ಬೋನಸ್ +1ರಿಂದ +2ಕ್ಕೆ ಹೋಯಿತು, ಅನುಭವದ ಅಂಕಗಳ ಮೇಲಿನ ಹೆಚ್ಚುವರಿ 5 ಪ್ರತಿಶತದಿಂದ 10ಕ್ಕೆ ಏರಿತು. ಹೊಸಬರು ಈ ಸಾಲನ್ನು ಓದದೆ ದಾಟುತ್ತಾರೆ.

ಹಿಟ್ ಪಾಯಿಂಟ್‌ಗೆ (ಎಷ್ಟು ಗಾಯ ತಾಳಬಲ್ಲ ಎಂಬ ಅಂಕಿಗೆ) ಒಂದು ಎಂಟುಮುಖದ ದಾಳ, ಕಾನ್ಸ್ಟಿಟ್ಯೂಷನ್ 13ಕ್ಕೆ +1. ಹಣ ಮೂರು ದಾಳಗಳ ಮೊತ್ತದ ಹತ್ತು ಪಟ್ಟು ಚಿನ್ನ, ಸರಾಸರಿ 105. ಪ್ಲೇಟ್ ಕವಚ 60, ಗುರಾಣಿ 10, ಕತ್ತಿ 10. ಉಳಿದ 25ರಲ್ಲಿ ಬೆನ್ನುಚೀಲ 5, ಆರು ಪಂಜು 1, ಐವತ್ತು ಅಡಿ ಹಗ್ಗ 1, ಬೆಂಕಿಪೆಟ್ಟಿಗೆಯ ಸರಂಜಾಮು 3, ಸಾದಾ ಬುತ್ತಿ 5, ನೀರಿನ ಚೀಲ 1. ಪಂಜು ಕೊಂಡು ಬೆಂಕಿ ಹೊತ್ತಿಸುವ ಸರಂಜಾಮು ಮರೆತವರು ಕತ್ತಲಲ್ಲೇ ಉಳಿಯುತ್ತಾರೆ, ನೆನಪಿರಲಿ. ಆರ್ಮರ್ ಕ್ಲಾಸ್ (ಏಟು ತಗಲುವುದು ಎಷ್ಟು ಕಷ್ಟ ಎಂಬ ಅಂಕಿ) ಇಲ್ಲಿ ಇಳಿದಷ್ಟೂ ಒಳ್ಳೆಯದು; ಪ್ಲೇಟ್ ಮತ್ತು ಗುರಾಣಿ ಸೇರಿ 2.

ಮುಗಿಯಿತು, ಕಾಲು ಗಂಟೆ ಸಾಕು. ಕೈಕೊಡುವುದು ಇದಾದ ಮೇಲೆ. ಸೊನ್ನೆ ಹಿಟ್ ಪಾಯಿಂಟ್ ಎಂದರೆ ಸಾವು, ನಿಮ್ಮ ಬಳಿ ಇರುವುದು ಬಹುಶಃ ಐದೋ ಆರೋ. ಅನುಭವದ ಅಂಕಗಳಲ್ಲಿ ಹೆಚ್ಚಿನವು ಬರುವುದು ಹೊರತಂದ ನಿಧಿಯಿಂದ, ಒಂದು ಚಿನ್ನಕ್ಕೆ ಒಂದು ಅಂಕ. ರಾಕ್ಷಸರನ್ನು ಕೊಂದರೆ ಸಿಗುವುದು ಚಿಲ್ಲರೆ. ಎರಡನೇ ಲೆವೆಲ್‌ಗೆ 2000 ಅಂಕ ಬೇಕು. ಕಂಡದ್ದಕ್ಕೆಲ್ಲ ಕತ್ತಿ ಬೀಸುವವನು ಅಲ್ಲಿಗೆ ತಲುಪುವುದಿಲ್ಲ. ಕರಿಸ್ಮಾ 8 ಎಂದು ಬೇಸರ ಪಡಬೇಡಿ, ಅಷ್ಟಿದ್ದರೂ ಮೂವರು ಬಂಟರನ್ನು ಸಂಬಳಕ್ಕೆ ಇಟ್ಟುಕೊಳ್ಳಬಹುದು. ಲೋಹದ ಕವಚ ತೊಟ್ಟವನ ನಡಿಗೆ 120 ಅಡಿಯಿಂದ 60ಕ್ಕೆ ಇಳಿಯುತ್ತದೆ, ಹಾಗಾಗಿ ಓಡಿಹೋಗುವ ಯೋಜನೆ ಇದ್ದರೆ ಅದರಲ್ಲಿ ನೀವು ಕೊನೆಯವರು.

ಎಲ್ಫ್, ಡ್ವಾರ್ಫ್, ಹಾಫ್ಲಿಂಗ್ ಇಲ್ಲಿ ಜನಾಂಗವಲ್ಲ, ನೇರವಾಗಿ ಕ್ಲಾಸ್. "ಎಲ್ಫ್ ಕಳ್ಳ" ಬೇಕೆಂದರೆ ಸಿಗದು.

ಅಡ್ವಾನ್ಸ್ಡ್ ಎರಡನೇ ಎಡಿಷನ್, 1989

ಹಳೆಯ ಆಟ ಎಂದಾಗ ಜನ ಹೆದರುವುದು ಥ್ಯಾಕೋ ಹೆಸರಿಗೆ. ಆರ್ಮರ್ ಕ್ಲಾಸ್ ಸೊನ್ನೆ ಇರುವ ಎದುರಾಳಿಗೆ ಏಟು ತಗಲಿಸಲು ದಾಳದಲ್ಲಿ ಬೇಕಾದ ಅಂಕಿ ಅದು. ಕಳೆಯುವ ಲೆಕ್ಕ, ಅಷ್ಟೇ. ನಿಮ್ಮ ಥ್ಯಾಕೋದಿಂದ ಎದುರಾಳಿಯ ಆರ್ಮರ್ ಕ್ಲಾಸ್ ಕಳೆಯಿರಿ, ಉಳಿದದ್ದು ಅಥವಾ ಅದಕ್ಕಿಂತ ಹೆಚ್ಚು ಡಿ20 ಎಂಬ ಇಪ್ಪತ್ತುಮುಖದ ದಾಳದಲ್ಲಿ ಬೀಳಬೇಕು. ಎರಡನೇ ಲೆವೆಲ್ ಫೈಟರ್‌ನ ಥ್ಯಾಕೋ 19, ಎದುರಾಳಿಯ ಆರ್ಮರ್ ಕ್ಲಾಸ್ 5 ಆದರೆ 14 ಬೇಕು. ಹೊಸ ಎಡಿಷನ್‌ಗೆ ಬದಲಿಸಲು ಎರಡನ್ನೂ 20ರಿಂದ ಕಳೆಯಿರಿ: ದಾಳಿಯ ಬೋನಸ್ +1, ಆರ್ಮರ್ ಕ್ಲಾಸ್ 15. ಆಗಲೂ ಬೇಕಾದದ್ದು 14. ಎದುರಾಳಿಯ ಆರ್ಮರ್ ಕ್ಲಾಸ್ ಮೈನಸ್‌ಗೆ ಇಳಿದಾಗ ಮಾತ್ರ ಜನ ಎಡವುತ್ತಾರೆ. ಮೈನಸ್ 2ನ್ನು ಕಳೆದರೆ ಎರಡು ಕೂಡುತ್ತದೆ, 21 ಬೇಕಾಗುತ್ತದೆ.

ಈ ಎಡಿಷನ್‌ನ ನಿಜವಾದ ತೊಡಕು ಬಾಗಿಲುಗಳದ್ದು. ಪ್ಯಾಲಡಿನ್ ಆಗಲು ಕರಿಸ್ಮಾ 17 ಬೇಕು, ಮನುಷ್ಯನೇ ಆಗಿರಬೇಕು. ಡ್ವಾರ್ಫ್ ಫೈಟರ್ 15ನೇ ಲೆವೆಲ್‌ಗೆ ನಿಲ್ಲುತ್ತಾನೆ, ಹಾಫ್ಲಿಂಗ್ 9ಕ್ಕೆ. ಮನುಷ್ಯರಿಗೆ ಮಿತಿ ಇಲ್ಲ, ಆದರೆ ಎರಡು ಕ್ಲಾಸ್‌ಗಳನ್ನು ಒಟ್ಟೊಟ್ಟಿಗೆ ಬೆಳೆಸುವ ಅವಕಾಶವೂ ಇಲ್ಲ. ಹಾಗಾಗಿ ಇಲ್ಲಿ ಮೊದಲು ಸ್ಕೋರ್, ಆಮೇಲೆ ಜನಾಂಗ, ಕೊನೆಗೆ ಕ್ಲಾಸ್. ಮನಸ್ಸಿನಲ್ಲಿ ಪಾತ್ರವನ್ನು ಮೊದಲೇ ಚಿತ್ರಿಸಿಕೊಂಡು ಕೂತರೆ ದಾಳ ಅದನ್ನು ಅಳಿಸಿಹಾಕುತ್ತದೆ.

ಫೈಟರ್‌ಗೆ ಸ್ಟ್ರೆಂತ್ 18 ಬಂದರೆ ಶತಾಂಶದ ದಾಳ ಉರುಳಿಸಲು ಮರೆಯಬೇಡಿ. ಬರಿಯ 18ಕ್ಕೆ ಹೊಡೆತದಲ್ಲಿ +1, ಗಾಯದಲ್ಲಿ +2. ಶತಾಂಶದಲ್ಲಿ ಪೂರ್ಣ ನೂರು ಬಿದ್ದರೆ +3, +6. ಒಂದೇ 18ರೊಳಗೆ ಇಷ್ಟು ಅಂತರ ಇಟ್ಟದ್ದು ಚೆಂದದ ವಿನ್ಯಾಸವಲ್ಲ. ಮುಂದಿನ ಎಡಿಷನ್ ಅದನ್ನು ಕಿತ್ತುಹಾಕಿದ್ದು ಸರಿಯೇ.

3.5: ಕೊನೆಯಿಂದ ಹಿಂದಕ್ಕೆ ಕಟ್ಟಿ

ಇಲ್ಲಿ ಆತುರ ಪಟ್ಟರೆ ಕೆಟ್ಟಿರಿ. ಮೊದಲ ಲೆವೆಲ್‌ನಲ್ಲಿ ಮಾಡಿದ ಆಯ್ಕೆಯ ಬಿಲ್ ಬರುವುದು ಆರನೆಯದರಲ್ಲಿ, ಹನ್ನೆರಡನೆಯದರಲ್ಲಿ. ಮೂಲ ನಿಯಮಗಳಲ್ಲಿ ತೆಗೆದುಕೊಂಡ ಫೀಟ್ (ವಿಶೇಷ ಸಾಮರ್ಥ್ಯ) ಅನ್ನು ವಾಪಸ್ ಕೊಡುವ ದಾರಿ ಇಲ್ಲ.

ಒಂದು ಹಾಳೆಯ ಎಡಬದಿಯಲ್ಲಿ 1ರಿಂದ 20 ಬರೆಯಿರಿ. ಎಲ್ಲರಿಗೂ ಫೀಟ್ ಸಿಗುವ 1, 3, 6, 9, 12, 15, 18ಕ್ಕೆ ಗುರುತು ಹಾಕಿ. ಫೈಟರ್‌ನ ಹೆಚ್ಚುವರಿ ಫೀಟ್‌ಗಳಿಗೆ 1, 2, 4, 6 ಹೀಗೆ ಸಮಸಂಖ್ಯೆಗಳಲ್ಲಿ ಇನ್ನೊಂದು ಗುರುತು. ಮನುಷ್ಯನಾದ್ದರಿಂದ ಮೊದಲ ಲೆವೆಲ್‌ನಲ್ಲಿ ಇನ್ನೂ ಒಂದು, ಅಂದರೆ ಶುರುವಿಗೇ ಮೂರು ಫೀಟ್. ಸ್ಕೋರ್ ಒಂದು ಏರುವ 4, 8, 12, 16, 20ಕ್ಕೆ ಬೇರೆ ಬಣ್ಣ. ಈ ಖಾಲಿ ಏಣಿ ಕಣ್ಣೆದುರು ಇಲ್ಲದೆ ಒಂದು ಫೀಟನ್ನೂ ಆರಿಸಬೇಡಿ.

ಈಗ ಗುರಿ ಇಟ್ಟುಕೊಳ್ಳಿ. ಸುತ್ತ ನಿಂತ ಪ್ರತಿ ಶತ್ರುವಿಗೂ ಒಂದೊಂದು ಏಟು ಕೊಡುವ ವರ್ಲ್‌ವಿಂಡ್ ಅಟ್ಯಾಕ್ ಬೇಕು ಎಂದಿರಲಿ. ಅದಕ್ಕೆ ಡೆಕ್ಸ್ಟೆರಿಟಿ 13, ಇಂಟೆಲಿಜೆನ್ಸ್ 13, ಬೇಸ್ ಅಟ್ಯಾಕ್ ಬೋನಸ್ (ದಾಳಿಯ ಮೂಲ ಬೋನಸ್) +4, ಜೊತೆಗೆ ನಾಲ್ಕು ಫೀಟ್: ಕಾಂಬ್ಯಾಟ್ ಎಕ್ಸ್‌ಪರ್ಟೀಸ್, ಡಾಡ್ಜ್, ಮೊಬಿಲಿಟಿ, ಸ್ಪ್ರಿಂಗ್ ಅಟ್ಯಾಕ್. ಹಿಂದಕ್ಕೆ ಬನ್ನಿ. ಸ್ಪ್ರಿಂಗ್ ಅಟ್ಯಾಕ್‌ಗೂ +4 ಬೇಕು, ಫೈಟರ್‌ಗೆ ಅದು ಬರುವುದು ನಾಲ್ಕನೇ ಲೆವೆಲ್‌ನಲ್ಲಿ. ಐದರಲ್ಲಿ ಫೀಟ್ ಇಲ್ಲ. ಆದ್ದರಿಂದ ಮೊದಲ ಲೆವೆಲ್‌ನಲ್ಲಿ ಉಳಿದ ಮೂರು, ನಾಲ್ಕರಲ್ಲಿ ಸ್ಪ್ರಿಂಗ್ ಅಟ್ಯಾಕ್, ಆರರಲ್ಲಿ ವರ್ಲ್‌ವಿಂಡ್. 2 ಮತ್ತು 3ರಲ್ಲಿ ಸಿಗುವ ಎರಡು ಫೀಟ್ ಬೇರೆ ಕೆಲಸಕ್ಕೆ ಉಳಿದವು.

ಸ್ಕೋರ್‌ಗಳನ್ನು 25 ಪಾಯಿಂಟ್‌ನಲ್ಲಿ ಹೀಗೆ ಕೊಳ್ಳಬಹುದು: ಸ್ಟ್ರೆಂತ್ 15ಕ್ಕೆ 8 ಪಾಯಿಂಟ್, ಕಾನ್ಸ್ಟಿಟ್ಯೂಷನ್ 14ಕ್ಕೆ 6, ಡೆಕ್ಸ್ಟೆರಿಟಿ 13ಕ್ಕೆ 5, ಇಂಟೆಲಿಜೆನ್ಸ್ 13ಕ್ಕೆ 5, ವಿಸ್ಡಮ್ 9ಕ್ಕೆ 1, ಕರಿಸ್ಮಾ 8ಕ್ಕೆ ಸೊನ್ನೆ. "ಫೈಟರ್‌ಗೆ ಬುದ್ಧಿ ಯಾಕೆ" ಎಂದು ಇಂಟೆಲಿಜೆನ್ಸನ್ನು 10ರಲ್ಲಿ ಬಿಟ್ಟವನು 4, 8, 12ನೇ ಲೆವೆಲ್‌ಗಳ ಮೂರೂ ಏರಿಕೆಗಳನ್ನು ಅಲ್ಲೇ ಸುರಿಯಬೇಕು. ಹನ್ನೆರಡಕ್ಕೆ ಮುಂಚೆ ಆ ಫೀಟ್ ಅವನ ಕೈಗೆ ಸಿಗದು. 3.5ರಲ್ಲಿ ಪಾತ್ರ ಹಾಳಾಗುವುದು ಬಹುತೇಕ ಹೀಗೆಯೇ.

ಇಷ್ಟು ಹೇಳಿದ ಮೇಲೆ ಒಂದು ಮಾತು: ಈ ಫೀಟ್ ಅಷ್ಟು ಬೆಲೆ ಬಾಳುವುದಿಲ್ಲ. ನಾಲ್ಕೈದು ಶತ್ರುಗಳು ಸುತ್ತುವರಿಯುವ ಸಂದರ್ಭ ಅಪರೂಪ, ಅದಕ್ಕಾಗಿ ಒಟ್ಟು ಐದು ಫೀಟ್ ಒಪ್ಪಿಸಬೇಕು. ಎರಡು ಕೈಯ ಆಯುಧ ಹಿಡಿದು ಪವರ್ ಅಟ್ಯಾಕ್ ತೆಗೆದುಕೊಂಡರೆ, ಗುರಿಯಲ್ಲಿ ಬಿಟ್ಟ ಪ್ರತಿ 1ಕ್ಕೆ ಗಾಯದಲ್ಲಿ 2 ಸಿಗುತ್ತದೆ, ಒಂದೇ ಫೀಟ್‌ಗೆ. ಟಫ್‌ನೆಸ್ ಹೆಸರು ನೋಡಿ ಮರುಳಾಗಬೇಡಿ: ಅದು ಕೊಡುವುದು ಒಟ್ಟು 3 ಹಿಟ್ ಪಾಯಿಂಟ್, ಹತ್ತನೇ ಲೆವೆಲ್‌ನಲ್ಲೂ ಅದೇ 3. ಕೆಲವು ಫೀಟ್ ಚಿನ್ನ, ಕೆಲವು ಕಾಗೆಬಂಗಾರ, ಯಾವುದು ಯಾವುದೆಂದು ಪುಸ್ತಕ ಹೇಳುವುದಿಲ್ಲ.

ಸ್ಕಿಲ್ ಲೆಕ್ಕ: ಫೈಟರ್‌ನ 2, ಇಂಟೆಲಿಜೆನ್ಸ್‌ನ 1, ಮನುಷ್ಯನಾದ್ದಕ್ಕೆ 1, ಒಟ್ಟು 4. ಮೊದಲ ಲೆವೆಲ್‌ನಲ್ಲಿ ಅದರ ನಾಲ್ಕು ಪಟ್ಟು, 16. ತನ್ನ ಕ್ಲಾಸ್‌ನ ಸ್ಕಿಲ್‌ನಲ್ಲಿ ಗರಿಷ್ಠ 4 ರ್‍ಯಾಂಕ್. ಹೊರಗಿನದ್ದಕ್ಕೆ ದುಪ್ಪಟ್ಟು ಬೆಲೆ, ಗರಿಷ್ಠ 2. ಕ್ಲೈಂಬ್, ಜಂಪ್, ರೈಡ್‌ಗೆ ನಾಲ್ಕು ನಾಲ್ಕು, ಉಳಿದ 4 ಪಾಯಿಂಟ್‌ಗೆ ಸ್ಪಾಟ್ 2 ರ್‍ಯಾಂಕ್. ಮೊದಲ ಲೆವೆಲ್‌ಗೆ ನಾಲ್ಕು ಪಟ್ಟು ಮಾಡುವುದನ್ನು ಮರೆಯುವುದು ಅತಿ ಸಾಮಾನ್ಯ ತಪ್ಪು.

ಆಟದ ಹೊತ್ತಿನ ಜಗಳಗಳೆಲ್ಲ ಬೋನಸ್‌ಗಳ ಸುತ್ತ. ಪ್ರತಿ ಬೋನಸ್‌ಗೂ ಬಹುತೇಕ ಒಂದು ಜಾತಿ ಇದೆ, ಸಾಮಾನ್ಯವಾಗಿ ಒಂದೇ ಜಾತಿಯವು ಕೂಡುವುದಿಲ್ಲ, ದೊಡ್ಡದೊಂದೇ ಲೆಕ್ಕಕ್ಕೆ. ಬ್ಲೆಸ್ ಸ್ಪೆಲ್ ಕೊಡುವುದು ಮೊರೇಲ್ +1, ಬಾರ್ಡ್‌ನ ಹಾಡು ಕೊಡುವುದೂ ಮೊರೇಲ್ +1. ಎರಡೂ ಇದ್ದರೂ +1 ಮಾತ್ರ. ಬುಲ್ಸ್ ಸ್ಟ್ರೆಂತ್ ಸ್ಪೆಲ್‌ನ +4 ಮತ್ತು ಗಾಂಟ್ಲೆಟ್ಸ್ ಆಫ್ ಓಗರ್ ಪವರ್‌ನ +2 ಎರಡೂ ಎನ್‌ಹಾನ್ಸ್‌ಮೆಂಟ್, ಸಿಗುವುದು 4. ಡಾಡ್ಜ್ ಜಾತಿಯವು ಇದಕ್ಕೆ ಹೊರತು, ಅವು ಕೂಡುತ್ತವೆ. ಹಾಳೆಯಲ್ಲಿ ಬರಿಯ "+2" ಎಂದು ಬರೆಯದೆ ಪಕ್ಕದಲ್ಲಿ ಜಾತಿಯನ್ನೂ ಬರೆದಿಟ್ಟರೆ ಅರ್ಧ ವಾದ ಅಲ್ಲೇ ನಿಲ್ಲುತ್ತದೆ.

ನಾಲ್ಕನೇ ಎಡಿಷನ್, 2008

ಕಟ್ಟುವುದು ಸುಲಭ, ಆಡುವುದು ನಿಧಾನ. ಫೈಟರ್ ಆಗಲಿ ವಿಝಾರ್ಡ್ ಆಗಲಿ, ಚೌಕಟ್ಟು ಒಂದೇ: ಯಾವಾಗ ಬೇಕಾದರೂ ಬಳಸುವ ಪವರ್ ಎರಡು, ಕಾಳಗಕ್ಕೊಮ್ಮೆ ಬಳಸುವುದು ಒಂದು, ದಿನಕ್ಕೊಮ್ಮೆಯದು ಒಂದು. ಮನುಷ್ಯನಿಗೆ ಮೊದಲ ಬಗೆಯದು ಇನ್ನೊಂದು. ಫೈಟರ್‌ನ ಹಿಟ್ ಪಾಯಿಂಟ್ 15ಕ್ಕೆ ಕಾನ್ಸ್ಟಿಟ್ಯೂಷನ್ ಸ್ಕೋರ್ ಪೂರ್ತಿ ಸೇರಿಸಿದಷ್ಟು. ಮೊದಲ ಲೆವೆಲ್‌ನಲ್ಲೇ ಗಟ್ಟಿಮುಟ್ಟು. ಆರಿಸಿದ್ದು ಸರಿಬೀಳದಿದ್ದರೆ ಪ್ರತಿ ಲೆವೆಲ್ ಏರುವಾಗ ಒಂದನ್ನು ಬದಲಿಸಬಹುದು, ಹಾಗಾಗಿ 3.5ರ ಏಣಿ ಇಲ್ಲಿ ಬೇಡ.

ಹತ್ತನೇ ಲೆವೆಲ್‌ಗೆ ಬರುವ ಹೊತ್ತಿಗೆ ಕ್ಲಾಸ್‌ನಿಂದಲೇ ಹನ್ನೊಂದು ಪವರ್ ಆಗಿರುತ್ತವೆ, ಸರದಿ ಬಂದಾಗ ಆಟಗಾರ ಹಾಳೆ ತಿರುವುತ್ತಾ ಕೂರುತ್ತಾನೆ. ಒಂದೊಂದು ಪವರ್ ಒಂದೊಂದು ಕಾರ್ಡಿನಲ್ಲಿ ಬರೆದು, ಬಳಸಿದ್ದನ್ನು ಮಗುಚಿಡಿ. ಫೈಟರ್ ಹೊಡೆದ ಶತ್ರುವಿನ ಮೇಲೆ ಗುರುತು ಬೀಳುತ್ತದೆ, ಅವನು ಬೇರೆಯವರನ್ನು ಹೊಡೆದರೆ −2. ಈ ಗುರುತನ್ನು ಮರೆತ ಫೈಟರ್ ಅರ್ಧ ಫೈಟರ್. ಮಿನಿಯೇಚರ್ ಕೆಳಗೆ ಬಣ್ಣದ ಬಿಲ್ಲೆಯೊಂದನ್ನು ಇಟ್ಟುಬಿಡಿ.

ಐದನೇ ಎಡಿಷನ್: 2014 ಮತ್ತು 2024

ಇಂದು ಹೊಸದಾಗಿ ಸೇರುವವರಿಗೆ ಸಿಗುವುದು ಹೆಚ್ಚಾಗಿ ಇದೇ. ಪುಸ್ತಕ ಕೊಳ್ಳುವ ಮುನ್ನ ಎಸ್‌ಆರ್‌ಡಿ ಎಂಬ, ಮೂಲ ನಿಯಮಗಳ ಉಚಿತ ದಾಖಲೆಯನ್ನು ಇಳಿಸಿಕೊಳ್ಳಿ. 2014ರ ನಿಯಮಗಳದ್ದು 5.1, ಅದು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿ ಬಂತು. 2024ರ ನಿಯಮಗಳದ್ದು 5.2. ಒಂದೊಂದು ಕ್ಲಾಸ್‌ಗೆ ಒಂದೇ ಸಬ್‌ಕ್ಲಾಸ್ (ಕ್ಲಾಸ್ ಒಳಗಿನ ಉಪವಿಭಾಗ) ಇರುತ್ತದೆ, ಮೊದಲ ಪಾತ್ರಕ್ಕೆ ಅಷ್ಟು ಸಾಕು.

2024ರ ನಿಯಮದಲ್ಲಿ ನಮ್ಮ ಫೈಟರ್:

1. ಸ್ಕೋರ್‌ಗೆ 27 ಪಾಯಿಂಟ್. 8 ಉಚಿತ, 10ಕ್ಕೆ 2, 13ಕ್ಕೆ 5, 14ಕ್ಕೆ 7, 15ಕ್ಕೆ 9. ಸ್ಟ್ರೆಂತ್ 15, ಕಾನ್ಸ್ಟಿಟ್ಯೂಷನ್ 15, ವಿಸ್ಡಮ್ 13, ಡೆಕ್ಸ್ಟೆರಿಟಿ 10, ಕರಿಸ್ಮಾ 10, ಇಂಟೆಲಿಜೆನ್ಸ್ 8. ಸರಿಯಾಗಿ 27.
2. ಹಿನ್ನೆಲೆ ಸೋಲ್ಜರ್. ಸ್ಟ್ರೆಂತ್‌ಗೆ +2, ಕಾನ್ಸ್ಟಿಟ್ಯೂಷನ್‌ಗೆ +1: 17 ಮತ್ತು 16. ಸ್ಯಾವೇಜ್ ಅಟ್ಯಾಕರ್ ಫೀಟ್, ಅಥ್ಲೆಟಿಕ್ಸ್ ಮತ್ತು ಇಂಟಿಮಿಡೇಷನ್ ಸ್ಕಿಲ್ ಇದರ ಜೊತೆಗೇ ಬರುತ್ತವೆ.
3. ಮನುಷ್ಯನಾದ್ದಕ್ಕೆ ಇನ್ನೊಂದು ಆರಂಭಿಕ ಫೀಟ್, ಇನ್ನೊಂದು ಸ್ಕಿಲ್. ಅಲರ್ಟ್ ತೆಗೆದುಕೊಳ್ಳಿ, ಸರದಿ ಬೇಗ ಬರುತ್ತದೆ. ಸ್ಕಿಲ್‌ಗೆ ಪರ್ಸೆಪ್ಷನ್.
4. ಸಿದ್ಧ ಸಾಮಗ್ರಿಯ ಮೊದಲ ಕಟ್ಟು: ಚೈನ್ ಮೇಲ್, ಗ್ರೇಟ್‌ಸೋರ್ಡ್, ಫ್ಲೇಲ್, ಎಂಟು ಜಾವೆಲಿನ್. ಆರ್ಮರ್ ಕ್ಲಾಸ್ 16, ಡಿಫೆನ್ಸ್ ಶೈಲಿ ಆರಿಸಿದರೆ 17.
5. ಹಿಟ್ ಪಾಯಿಂಟ್ 10ಕ್ಕೆ 3 ಕೂಡಿ 13. ದಾಳಿ +5, ಗಾಯ ಎರಡು ಆರುಮುಖದ ದಾಳ ಮತ್ತು 3.
6. ವೆಪನ್ ಮಾಸ್ಟರಿ (ಆಯುಧದ ವಿಶೇಷ ಗುಣ ಬಳಸುವ ಪರಿಣತಿ) ಮೂರು ಆಯುಧಕ್ಕೆ, ಕಟ್ಟಿನಲ್ಲಿರುವುದೂ ಮೂರೇ ಬಗೆ. ಗ್ರೇಟ್‌ಸೋರ್ಡ್‌ಗೆ ಗ್ರೇಜ್, ಫ್ಲೇಲ್‌ಗೆ ಸ್ಯಾಪ್, ಜಾವೆಲಿನ್‌ಗೆ ಸ್ಲೋ.

ಗ್ರೇಜ್ ಎಂದರೆ ಗುರಿ ತಪ್ಪಿದರೂ 3 ಗಾಯ. "ತಪ್ಪಿತು" ಎಂದು ಹೇಳಿ ದಾಳ ಕೆಳಗಿಡುವ ಅಭ್ಯಾಸ ಇರುವುದರಿಂದ ಇದನ್ನು ಬಹಳ ಮಂದಿ ಮರೆಯುತ್ತಾರೆ. ಹಾಳೆಯಲ್ಲಿ ಆಯುಧದ ಪಕ್ಕದಲ್ಲೇ ಬರೆಯಿರಿ.

ಸ್ಟ್ರೆಂತ್ 17 ಎಂಬ ಬೆಸಸಂಖ್ಯೆ ಬೇಕೆಂದೇ ಇಟ್ಟದ್ದು. 16ಕ್ಕೂ 17ಕ್ಕೂ ಬೋನಸ್ ಒಂದೇ, +3. ಆದರೆ ನಾಲ್ಕನೇ ಲೆವೆಲ್‌ನಲ್ಲಿ ಗ್ರೇಟ್ ವೆಪನ್ ಮಾಸ್ಟರ್‌ನಂಥ ಫೀಟ್ ತೆಗೆದುಕೊಂಡಾಗ ಅದರೊಳಗೇ ಸ್ಟ್ರೆಂತ್ +1 ಬರುತ್ತದೆ, 18 ಆಗುತ್ತದೆ. 2014ರಲ್ಲಿ ಫೀಟ್ ಬೇಕಾದರೆ ಸ್ಕೋರ್ ಏರಿಕೆಯನ್ನು ಪೂರ್ತಿ ಬಿಟ್ಟುಕೊಡಬೇಕಿತ್ತು. ಬೆಸಸಂಖ್ಯೆಗೆ +1 ಸೇರಿಸುವ ಫೀಟ್‌ಗಳು ಆಗಲೂ ಇದ್ದವು, ಆದರೆ ಕೆಲವೇ.

ಎರಡು ಕ್ಲಾಸ್ ಬೆರೆಸುವವರಿಗೆ ಎಚ್ಚರಿಕೆ. ಸ್ಕೋರ್ ಏರಿಕೆ ಬರುವುದು ಪಾತ್ರದ ಲೆವೆಲ್‌ಗಲ್ಲ, ಕ್ಲಾಸ್‌ನ ಲೆವೆಲ್‌ಗೆ. ಫೈಟರ್ 3 ಮತ್ತು ವಿಝಾರ್ಡ್ 3 ಆದವನು ಆರನೇ ಲೆವೆಲ್‌ನಲ್ಲೂ ಒಂದೇ ಒಂದು ಏರಿಕೆ ಕಂಡಿರುವುದಿಲ್ಲ, ಎರಡನೇ ಏಟು ಕೊಡುವ ಎಕ್ಸ್‌ಟ್ರಾ ಅಟ್ಯಾಕ್ ಕೂಡ ಇಲ್ಲ. ಪಕ್ಕದಲ್ಲಿ ಕೂತ ಶುದ್ಧ ಫೈಟರ್ ಬಳಿ ಎರಡು ಏರಿಕೆ, ಎರಡು ಏಟು. ಬೆರೆಸುವುದೇ ಆದರೆ ಫೈಟರ್ 5 ಮುಗಿಸಿಯೇ ಬೆರೆಸಿ. ಆಯಾ ಕ್ಲಾಸ್‌ನ ಮುಖ್ಯ ಸ್ಕೋರ್ 13 ಇರಲೇಬೇಕು. ಮೇಲಿನ ನಮ್ಮವನ ಇಂಟೆಲಿಜೆನ್ಸ್ 8, ಅವನಿಗೆ ವಿಝಾರ್ಡ್ ಬಾಗಿಲು ಮುಚ್ಚಿದೆ.

2014ರ ಪುಸ್ತಕದಿಂದ ಜನಾಂಗ, 2024ರಿಂದ ಹಿನ್ನೆಲೆ ತೆಗೆದುಕೊಂಡರೆ ಎರಡೂ ಕಡೆಯ ಸ್ಕೋರ್ ಬೋನಸ್ ಸೇರಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಹಾಗಿಲ್ಲ, ಜನಾಂಗದ ಬೋನಸ್ ಬಿಡಬೇಕು, ಹಿನ್ನೆಲೆಯದು ಮಾತ್ರ ನಿಲ್ಲುತ್ತದೆ. ಹಳೆಯ ಸಬ್‌ಕ್ಲಾಸ್ ಮೊದಲನೇ ಅಥವಾ ಎರಡನೇ ಲೆವೆಲ್‌ನಲ್ಲೇ ಏನಾದರೂ ಕೊಡುತ್ತಿದ್ದರೆ, ಹೊಸ ಕ್ಲಾಸ್ ಜೊತೆ ಅದು ಮೂರನೆಯದರಲ್ಲಿ ಸಿಗುತ್ತದೆ.

ಮಂತ್ರ ಹಾಕುವವರನ್ನು ಆರಿಸಿಕೊಂಡರೆ

ಫೈಟರ್ ಎಲ್ಲ ಎಡಿಷನ್‌ನಲ್ಲೂ ಸುಲಭ ಎಂದು ಭಾವಿಸಿ ಹೊಸಬರ ಕೈಗೆ ಅದನ್ನೇ ಕೊಡುವ ವಾಡಿಕೆ ಇದೆ. 3.5ರಲ್ಲಿ ಅದು ಸುಳ್ಳು: ಇಪ್ಪತ್ತು ಲೆವೆಲ್‌ನಲ್ಲಿ ಫೈಟರ್ ಒಬ್ಬನಿಗೇ ಹನ್ನೊಂದು ಹೆಚ್ಚುವರಿ ಫೀಟ್, ಪ್ರತಿಯೊಂದೂ ಹಿಂದಿರುಗಿಸಲಾಗದ ತೀರ್ಮಾನ. ಕ್ಲೆರಿಕ್ ಆದರೆ ಇವತ್ತು ಆರಿಸಿದ ಸ್ಪೆಲ್ ಹಿಡಿಸದಿದ್ದರೆ ನಾಳೆ ಬೆಳಿಗ್ಗೆ ಬೇರೆ. ಬೇಸಿಕ್‌ನಲ್ಲಿ ಮ್ಯಾಜಿಕ್ ಯೂಸರ್‌ಗೆ ಮೊದಲ ಲೆವೆಲ್‌ನಲ್ಲಿ ದಿನಕ್ಕೆ ಒಂದೇ ಸ್ಪೆಲ್, ನಿಯಮದ ದೃಷ್ಟಿಯಿಂದ ಅದಕ್ಕಿಂತ ಸರಳ ಇನ್ನೊಂದಿಲ್ಲ. ಬದುಕಿ ಉಳಿಯುವುದು ಬೇರೆ ಮಾತು.

ಐದನೆಯದರಲ್ಲಿ ಎರಡು ಸಂಗತಿ ನೋಡಿಕೊಳ್ಳಿ. ಕಾನ್ಸಂಟ್ರೇಷನ್ (ಸತತ ಗಮನ) ಬೇಡುವ ಸ್ಪೆಲ್ ಒಂದು ಹೊತ್ತಿಗೆ ಒಂದೇ. ಆರಿಸಿದ ಪಟ್ಟಿಯಲ್ಲಿ ಎಲ್ಲವೂ ಅಂಥವೇ ಆದರೆ ಅರ್ಧ ಪಟ್ಟಿ ಸುಮ್ಮನೆ ಕೂರುತ್ತದೆ. ಎರಡನೆಯದು, ಒಂದೇ ಸರದಿಯಲ್ಲಿ ಎರಡು ಸ್ಪೆಲ್. 2014ರಲ್ಲಿ ಬೋನಸ್ ಆಕ್ಷನ್‌ನಲ್ಲಿ ಒಂದು ಸ್ಪೆಲ್ ಹಾಕಿದರೆ ಆ ಸರದಿಯಲ್ಲಿ ಮತ್ತೊಂದು ಬರೀ ಒಂದು ಆಕ್ಷನ್‌ನ ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಪುಟ್ಟ ಸ್ಪೆಲ್) ಆಗಿರಬೇಕು. 2024ರಲ್ಲಿ ಒಂದು ಸರದಿಗೆ ಒಂದೇ ಸ್ಪೆಲ್ ಸ್ಲಾಟ್ (ಸ್ಪೆಲ್ ಹಾಕುವ ಸೀಮಿತ ಅವಕಾಶ) ಖರ್ಚು ಮಾಡಬಹುದು. ಮೇಜಿನಲ್ಲಿ ಒಬ್ಬರು ಹಳೆಯ ಪುಸ್ತಕ, ಇನ್ನೊಬ್ಬರು ಹೊಸದು ಹಿಡಿದಿದ್ದರೆ ಮೊದಲ ತಕರಾರು ಏಳುವುದು ಇಲ್ಲೇ. ಯಾವ ನಿಯಮ ನಡೆಯುತ್ತದೆಂದು ಮೊದಲ ದಿನವೇ ಡಿಎಂ ಹಾಳೆಯ ಮೇಲೆ ಬರೆಸಿಕೊಳ್ಳಿ.